ವಿಡಿಯೊ ತಡೆತಡೆದು ಬರುವುದೇಕೆ? ಮನೆಯ ನೆಟ್‌ವರ್ಕ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆಮನೆಯಲ್ಲಿ ಸಿಕ್ಕಿದ ನೆಂಟರು, ರಾತ್ರಿ 9 ಗಂಟೆಗೆ ಫೋನು ಮಾಡಿದ ಪರಿಚಿತರು, ಪತ್ರ ಬರೆದ ಕೆಲವರು ಕೇಳಿದ ಪ್ರಶ್ನೆಗಳನ್ನು ಆದಷ್ಟೂ ಅವರ ಮಾತಿನಲ್ಲೇ ಉಳಿಸಿಕೊಂಡು ಇಲ್ಲಿ ಜೋಡಿಸಲಾಗಿದೆ. ಸುಲಭದವು ಮೊದಲಿಗೆ ಬರುತ್ತವೆ, ಕೊಂಚ ತಲೆಕೆಡಿಸಿಕೊಳ್ಳಬೇಕಾದವು ಕೊನೆಯಲ್ಲಿವೆ. ಎಲ್ಲವನ್ನೂ ಓದುವ ಅಗತ್ಯವಿಲ್ಲ. ನಿಮ್ಮ ಮನೆಯ ಲಕ್ಷಣಕ್ಕೆ ಹೊಂದುವ ಪ್ರಶ್ನೆಯನ್ನು ಹುಡುಕಿಕೊಂಡರೆ ಸಾಕು.

## ಆರಂಭದ ಪ್ರಶ್ನೆಗಳು

100 ಎಂಬಿಪಿಎಸ್ ಪ್ಲಾನ್ ಹಾಕಿಸಿದ್ದೇವೆ ಸರ್, ಆದರೂ ಸಿನಿಮಾ ನಡುನಡುವೆ ನಿಂತು ಚಕ್ರ ಸುತ್ತುತ್ತದೆ. ಯಾಕೆ?

ಆ 100 ಎಂಬುದು ಕಂಪನಿಯವರು ಫೈಬರ್ ಬಂದು ಸೇರುವ ಪೆಟ್ಟಿಗೆಯವರೆಗೆ ತಲುಪಿಸಲು ಒಪ್ಪಿಕೊಂಡ ವೇಗ. ಅಲ್ಲಿಂದ ಟಿವಿಯವರೆಗಿನ ದಾರಿಯ ಹೊಣೆ ಮನೆಯವರದು. ವಿಡಿಯೊ ನಿಮ್ಮ ಪರದೆಗೆ ಬರುವ ಹೊತ್ತಿಗೆ ನೆಟ್‌ಫ್ಲಿಕ್ಸ್‌ನಂಥ ವಿಡಿಯೊ ಸೇವೆಯವರ ಸರ್ವರ್, ಇಂಟರ್‌ನೆಟ್ ಕಂಪನಿಯ ಜಾಲ, ಮನೆಯೊಳಗಿನ ವೈಫೈ ಅಥವಾ ಕೇಬಲ್, ಕೊನೆಗೆ ಟಿವಿ ಅಥವಾ ಸ್ಟಿಕ್ ಎಂಬ ನಾಲ್ಕು ತುಂಡು ದಾರಿಯನ್ನು ದಾಟಿರುತ್ತದೆ. ಇವುಗಳಲ್ಲಿ ಯಾವುದು ಸೊರಗಿದರೂ ಕಣ್ಣಿಗೆ ಕಾಣುವುದು ಅದೇ ಚಕ್ರ. ಆದ್ದರಿಂದಲೇ ಜನ ಮೊದಲು ಪ್ಲಾನನ್ನು ಬೈಯುತ್ತಾರೆ. ನಾನು ಹೋಗಿ ನೋಡಿದ ಮನೆಗಳಲ್ಲಿ ಹೆಚ್ಚಿನವುಗಳ ತೊಂದರೆ ಮೂರನೆಯ ತುಂಡಿನಲ್ಲಿತ್ತು, ಅಂದರೆ ರೂಟರಿನಿಂದ ಟಿವಿಯವರೆಗಿನ ಹತ್ತಿಪ್ಪತ್ತು ಅಡಿ ಗಾಳಿಯಲ್ಲಿ.

ಚಕ್ರ ಸುತ್ತುವುದಕ್ಕೆ ಒಂದು ನೇರ ಅರ್ಥವಿದೆ. ವಿಡಿಯೊ ಸೇವೆಗಳು ಚಿತ್ರವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕಳಿಸುತ್ತವೆ. ಟಿವಿ ಮುಂದಿನ ತುಣುಕುಗಳನ್ನು ಮುಂಚಿತವಾಗಿ ತರಿಸಿ ಕೂಡಿಟ್ಟುಕೊಳ್ಳುತ್ತದೆ. ಈ ದಾಸ್ತಾನಿಗೆ ಬಫರ್ ಎಂದು ಹೆಸರು. ನಲ್ಲಿಯಲ್ಲಿ ನೀರು ಬಿಟ್ಟು ಬಿಟ್ಟು ಬಂದರೂ ಹಂಡೆ ತುಂಬಿರುವವರೆಗೆ ಅಡುಗೆಗೆ ಅಡ್ಡಿಯಿಲ್ಲ. ಹಂಡೆ ಬರಿದಾದ ಕ್ಷಣದಲ್ಲಿ ಚಕ್ರ ಕಾಣಿಸಿಕೊಳ್ಳುತ್ತದೆ.

ಹಾಗಾದರೆ ಒಂದು ಸಿನಿಮಾಕ್ಕೆ ನಿಜವಾಗಿ ಎಷ್ಟು ಸ್ಪೀಡ್ ಬೇಕು?

ಜನ ಅಂದುಕೊಂಡಿರುವುದಕ್ಕಿಂತ ಬಹಳ ಕಡಿಮೆ. ನೆಟ್‌ಫ್ಲಿಕ್ಸ್ ಸ್ವತಃ ಹೇಳುವ ಲೆಕ್ಕದಲ್ಲಿ 720ಪಿ ಚಿತ್ರಕ್ಕೆ 3 ಎಂಬಿಪಿಎಸ್, 1080ಪಿ ಚಿತ್ರಕ್ಕೆ 5, 4ಕೆ ಚಿತ್ರಕ್ಕೆ 15 ಸಾಕು. ಯೂಟ್ಯೂಬ್ 4ಕೆಗೆ 20 ಕೇಳುತ್ತದೆ. ಮನೆಯಲ್ಲಿ ಮೂರು ಟಿವಿಗಳು ಒಟ್ಟಿಗೆ 4ಕೆಯಲ್ಲಿ ಓಡಿದರೂ 60 ದಾಟುವುದು ಕಷ್ಟ. ಹೀಗಿರುವಾಗ 100ರ ಪ್ಲಾನಿನಲ್ಲಿ ನಿಲ್ಲುವ ವಿಡಿಯೊ 300ರ ಪ್ಲಾನಿನಲ್ಲಿ ಓಡುತ್ತದೆಂದು ನಂಬಲು ಕಾರಣವಿಲ್ಲ. ತೊಂದರೆ ಎಲ್ಲಿದೆ ಎಂದು ತಿಳಿಯುವ ಮೊದಲು ದೊಡ್ಡ ಪ್ಲಾನಿಗೆ ಹಣ ಕಟ್ಟಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಎಂಬಿಪಿಎಸ್‌ನಲ್ಲಿರುವುದು ಮೆಗಾಬಿಟ್, ಫೈಲುಗಳ ಗಾತ್ರ ಹೇಳುವಾಗ ಬಳಸುವುದು ಮೆಗಾಬೈಟ್, ಒಂದು ಬೈಟಿಗೆ 8 ಬಿಟ್. ಹಾಗಾಗಿ 100 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ 12.5 ಮೆಗಾಬೈಟ್ ಡೌನ್‌ಲೋಡ್ ಆದರೆ ಅದು ಮೋಸವಲ್ಲ, ಸರಿಯಾದ ಲೆಕ್ಕ.

ಎಲ್ಲಿಂದ ಶುರು ಮಾಡಲಿ? ಏನನ್ನು ಮೊದಲು ನೋಡಬೇಕು?

ವೈಫೈಯನ್ನು ಲೆಕ್ಕದಿಂದ ಹೊರಗಿಡುವುದರಿಂದ ಶುರು ಮಾಡಬೇಕು. ಒಂದು ಲ್ಯಾನ್ ಕೇಬಲ್ ತೆಗೆದುಕೊಂಡು ಟಿವಿಯನ್ನೋ ಲ್ಯಾಪ್‌ಟಾಪನ್ನೋ ರೂಟರಿಗೆ ನೇರವಾಗಿ ಜೋಡಿಸಿ, ವೈಫೈ ಆಫ್ ಮಾಡಿ, ತೊಂದರೆ ಕೊಡುತ್ತಿದ್ದ ಅದೇ ವಿಡಿಯೊವನ್ನು ಅದೇ ಹೊತ್ತಿನಲ್ಲಿ ಅರ್ಧ ಗಂಟೆ ನೋಡಿ. ಕೇಬಲಿನಲ್ಲಿ ಸರಾಗವಾಗಿ ಓಡಿದರೆ ಕಂಪನಿಯವರ ಮೇಲೆ ಕೋಪಿಸಿಕೊಳ್ಳುವ ಅಗತ್ಯವಿಲ್ಲ, ತೊಂದರೆ ನಿಮ್ಮ ವೈಫೈಯದು. ಕೇಬಲಿನಲ್ಲೂ ನಿಂತರೆ ಲೈನನ್ನೋ ಸೇವೆಯನ್ನೋ ಅನುಮಾನಿಸಬೇಕು. ಅದೇ ಹೊತ್ತಿಗೆ ಮೊಬೈಲಿನ ವೈಫೈ ತೆಗೆದು ಸಿಮ್ ಡೇಟಾದಲ್ಲಿ ಅದೇ ವಿಡಿಯೊ ಹಾಕಿ ನೋಡಿ. ಅಲ್ಲಿ ಸಲೀಸಾಗಿ ಬಂದರೆ ಸೇವೆಯೂ ಸರಿ ಇದೆ ಎಂದಾಯಿತು, ಉಳಿಯುವುದು ಲೈನ್ ಮಾತ್ರ.

ಟಿವಿ ದೂರವಿದ್ದು ಕೇಬಲ್ ಸಾಲದಿದ್ದರೆ ಟಿವಿಯನ್ನೇ ಎತ್ತಿಕೊಂಡು ಬರಬೇಕಿಲ್ಲ. ರೂಟರನ್ನು ಒಂದು ದಿನದ ಮಟ್ಟಿಗೆ ಟಿವಿ ಇರುವ ಕೋಣೆಗೆ ತರಲು ಸಾಧ್ಯವಾದರೆ ಅದೂ ಪರೀಕ್ಷೆಯೇ.

ಮೊಬೈಲಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 90 ತೋರಿಸುತ್ತದೆ. ಟಿವಿಗೇನು ಬಂತು ರೋಗ?

ಮೊಬೈಲನ್ನು ಎಲ್ಲಿ ನಿಂತು ಪರೀಕ್ಷಿಸಿದಿರಿ ಎಂಬುದು ಮುಖ್ಯ. ರೂಟರಿನ ಪಕ್ಕದ ಕುರ್ಚಿಯಲ್ಲಿ ಕುಳಿತು ಬಂದ 90ಕ್ಕೂ ಟಿವಿಯ ಹಿಂಬದಿಯಲ್ಲಿ, ಗೋಡೆಗೆ ಒತ್ತಿಕೊಂಡಿರುವ ಸಣ್ಣ ಆಂಟೆನಾಕ್ಕೆ ಸಿಗುವ ವೇಗಕ್ಕೂ ಸಂಬಂಧವಿಲ್ಲ. ಟಿವಿಯಲ್ಲೇ ಬ್ರೌಸರ್ ಇದ್ದರೆ ನೆಟ್‌ಫ್ಲಿಕ್ಸ್‌ನವರ ಫಾಸ್ಟ್ ಡಾಟ್ ಕಾಮ್ ತೆರೆದು ಅಲ್ಲಿಯೇ ಅಳೆಯಿರಿ. ಬ್ರೌಸರ್ ಇಲ್ಲದಿದ್ದರೆ ಯೂಟ್ಯೂಬ್ ಆ್ಯಪಿನಲ್ಲಿ ವಿಡಿಯೊ ಓಡುತ್ತಿರುವಾಗ ಸೆಟ್ಟಿಂಗ್ಸ್ ಒಳಗೆ ಸಿಗುವ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಆಯ್ಕೆಯನ್ನು ಒತ್ತಿ. ಟಿವಿಗೆ ತಲುಪುತ್ತಿರುವ ವೇಗ, ಎಷ್ಟು ಸೆಕೆಂಡುಗಳ ದಾಸ್ತಾನಿದೆ, ಎಷ್ಟು ಫ್ರೇಮುಗಳು ಬಿಟ್ಟುಹೋದವು ಎಂಬುದೆಲ್ಲ ಪರದೆಯ ಮೂಲೆಯಲ್ಲಿ ಕಾಣುತ್ತದೆ.

ಟಿವಿಗೆ ಸಿಕ್ಕಿಸುವ ಸ್ಟಿಕ್ ಬಳಸುವವರಿಗೆ ಇನ್ನೊಂದು ಸಣ್ಣ ಮಾತು. ಸ್ಟಿಕ್ಕಿನ ಜೊತೆ ಪೆಟ್ಟಿಗೆಯಲ್ಲಿ ಒಂದು ಗೇಣಿಗಿಂತ ಚಿಕ್ಕದಾದ ಎಚ್‌ಡಿಎಂಐ ತುಂಡು ವೈರ್ ಬಂದಿರುತ್ತದೆ, ಅದನ್ನು ಹೆಚ್ಚಿನವರು ಪೆಟ್ಟಿಗೆಯಲ್ಲೇ ಬಿಟ್ಟಿರುತ್ತಾರೆ. ಸ್ಟಿಕ್ಕನ್ನು ಟಿವಿಯ ಲೋಹದ ಬೆನ್ನಿನಿಂದ ಕೊಂಚ ಆಚೆಗೆ ತರುವ ಆ ತುಂಡು ಅನೇಕ ಮನೆಗಳಲ್ಲಿ ತೊಂದರೆಯನ್ನು ನಿವಾರಿಸಿದ್ದನ್ನು ನೋಡಿದ್ದೇನೆ.

ರೂಟರ್ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ, ಎರಡು ದಿನಕ್ಕೆ ಮತ್ತೆ ಅದೇ ರಾಗ. ಇದಕ್ಕೇನು?

ಆಫ್ ಮಾಡಿ ಆನ್ ಮಾಡಿದಾಗ ರೂಟರಿನ ನೆನಪು ಖಾಲಿಯಾಗುತ್ತದೆ, ಅದು ಹೊಸದಾಗಿ ವೈಫೈ ಚಾನೆಲ್ (ಮಾತಾಡಲು ಬಳಸುವ ತರಂಗದ ಓಣಿ) ಹುಡುಕಿಕೊಳ್ಳುತ್ತದೆ, ಬಿಸಿಯೂ ಇಳಿಯುತ್ತದೆ. ಯಾವುದರಿಂದ ಗುಣವಾಯಿತು ಎಂದು ತಿಳಿಯಲು ರೂಟರನ್ನು ಮುಟ್ಟಿ ನೋಡಿ. ಮುಚ್ಚಿದ ಬೀರುವಿನಲ್ಲೋ ಸೆಟ್ ಟಾಪ್ ಬಾಕ್ಸಿನ ಮೇಲೋ ಕುಳಿತು ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಗಾಳಿಯಾಡುವ ಜಾಗಕ್ಕೆ ತನ್ನಿ. ಬಿಸಿ ಇಲ್ಲದಿದ್ದರೆ ಅದರ ಫರ್ಮ್‌ವೇರನ್ನು, ಅಂದರೆ ಒಳಗಿನ ತಂತ್ರಾಂಶವನ್ನು, ಹೊಸತಾಗಿಸಿ. ಅಡಾಪ್ಟರನ್ನೂ ಮರೆಯಬೇಡಿ, ಕರೆಂಟು ಏರಿಳಿಯುವ ಊರುಗಳಲ್ಲಿ ರೂಟರಿಗಿಂತ ಮೊದಲು ಸೋಲುವುದು 12 ವೋಲ್ಟಿನ ಆ ಸಣ್ಣ ಅಡಾಪ್ಟರ್, ಅದು ಪೂರ್ತಿ ಸಾಯದೆ ಸೊರಗುತ್ತಾ ಹೋಗಿ ರೂಟರನ್ನು ತಾನಾಗಿ ಆಫ್ ಆಗಿ ಆನ್ ಆಗುವಂತೆ ಮಾಡುತ್ತದೆ.

## ವೈಫೈ ಮತ್ತು ಮನೆಯ ಗೋಡೆಗಳು

ರೂಟರನ್ನು ಎಲ್ಲಿ ಇಟ್ಟರೆ ಒಳ್ಳೆಯದು? ಕೇಬಲಿನವರು ಬಾಗಿಲ ಪಕ್ಕದಲ್ಲೇ ಹಾಕಿ ಹೋಗಿದ್ದಾರೆ.

ಲೈನ್ ಎಳೆಯುವವರಿಗೆ ಕೇಬಲ್ ಎಲ್ಲಿ ಒಳಬರುತ್ತದೋ ಅಲ್ಲಿ ಮೊಳೆ ಹೊಡೆಯುವುದು ಸುಲಭ, ಅವರ ಕೆಲಸ ಅಲ್ಲಿಗೆ ಮುಗಿಯುತ್ತದೆ. ಮನೆಯ ಒಂದು ಮೂಲೆಯಲ್ಲಿ ಕೂತ ರೂಟರ್ ಅರ್ಧ ಸಿಗ್ನಲನ್ನು ರಸ್ತೆಗೆ ದಾನ ಮಾಡುತ್ತಿರುತ್ತದೆ. ಮನೆಯ ನಡುವೆ, ಆಳೆತ್ತರದಲ್ಲಿ, ಸುತ್ತ ಲೋಹವಾಗಲಿ ನೀರಾಗಲಿ ಇಲ್ಲದ ಕಡೆ ಅದು ಇರಬೇಕು. ಕಬ್ಬಿಣದ ಬೀರು, ಫ್ರಿಜ್ಜು, ದೊಡ್ಡ ಕನ್ನಡಿ, ಮೀನಿನ ತೊಟ್ಟಿ, ಇವು ಗೋಡೆಗಿಂತ ಕೆಟ್ಟವು.

ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಮ್ಮನ ಮನೆಯಲ್ಲಿ ರೂಟರು ಚೆನ್ನಾಗಿ ಕಾಣಲಿ ಎಂದು ಶೋಕೇಸಿನೊಳಗೆ, ಹಿತ್ತಾಳೆಯ ದೀಪಗಳ ಮತ್ತು ತಾಮ್ರದ ತಂಬಿಗೆಗಳ ಹಿಂದೆ ಪೂಜೆಗೆ ಕೂರಿಸಿದಂತೆ ಇಟ್ಟಿದ್ದರು. “ನಿನ್ನ ನೆಟ್ಟು ಸರಿ ಇಲ್ಲ ಮಾರಾಯ, ಧಾರಾವಾಹಿ ಅಳುವ ಹೊತ್ತಿಗೇ ನಿಲ್ಲುತ್ತದೆ” ಎಂದು ದೊಡ್ಡಮ್ಮ ಪ್ರತಿ ವಾರ ದೂರುತ್ತಿದ್ದರು. ಟಿವಿಯ ಬಳಿ ಮೊಬೈಲ್ ಆ್ಯಪಿನಲ್ಲಿ ಅಳೆದಾಗ ಸಿಗ್ನಲ್ ಮೈನಸ್ 79 ಡಿಬಿಎಂ (ಸಿಗ್ನಲಿನ ಬಲ ಅಳೆಯುವ ಮಾನ) ಇತ್ತು. ರೂಟರನ್ನು ಹೊರತೆಗೆದು ನಡುಮನೆಯ ಬಾಗಿಲ ಮೇಲಿನ ಹಲಗೆಯಲ್ಲಿಟ್ಟಾಗ ಅದೇ ಜಾಗದಲ್ಲಿ ಮೈನಸ್ 61 ಬಂತು. ಈ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 67ರವರೆಗೆ ವಿಡಿಯೊ ನಿಶ್ಚಿಂತೆಯಿಂದ ಓಡುತ್ತದೆ, ಮೈನಸ್ 80ರ ಹತ್ತಿರ ಯಾವ ಪ್ಲಾನ್ ಇದ್ದರೂ ಪ್ರಯೋಜನವಿಲ್ಲ. ಖರ್ಚಾಗಿದ್ದು ಎರಡು ಮೊಳೆ. ಶೋಕೇಸಿನಲ್ಲಿ ಖಾಲಿಯಾದ ಜಾಗಕ್ಕೆ ಈಗ ಚನ್ನಪಟ್ಟಣದ ಬೊಂಬೆ ಬಂದಿದೆ.

2.4 ಎಂದು ಒಂದು, 5ಜಿ ಎಂದು ಒಂದು, ಎರಡು ಹೆಸರು ಕಾಣುತ್ತವೆ. ಟಿವಿಗೆ ಯಾವುದು?

ಇಲ್ಲಿನ 5ಜಿಗೂ ಮೊಬೈಲಿನ 5ಜಿಗೂ ಸಂಬಂಧವಿಲ್ಲ. ಇದು 5 ಗಿಗಾಹರ್ಟ್ಸ್ ತರಂಗ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ನೆರೆಹೊರೆಯವರೆಲ್ಲ ಅದೇ ಕಿರಿದಾದ ಓಣಿಯಲ್ಲಿ ಓಡಾಡುತ್ತಿರುತ್ತಾರೆ. 5 ಗಿಗಾಹರ್ಟ್ಸ್ ಅಗಲವಾದ ರಸ್ತೆ, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ಟಿವಿ ಅದೇ ಕೋಣೆಯಲ್ಲೋ ಪಕ್ಕದ ಕೋಣೆಯಲ್ಲೋ ಇದ್ದರೆ 5ನ್ನೇ ಕೊಡಿ.

ಎರಡಕ್ಕೂ ಒಂದೇ ಹೆಸರಿಟ್ಟ ರೂಟರುಗಳಲ್ಲಿ ಟಿವಿ ತಾನೇ ಆಯ್ದುಕೊಳ್ಳುತ್ತದೆ. ಕರೆಂಟು ಹೋಗಿ ಬಂದಾಗ ಮೊದಲು ಸಿಕ್ಕಿದ 2.4ಕ್ಕೆ ಅಂಟಿಕೊಂಡು ತಿಂಗಳುಗಟ್ಟಲೆ ಅಲ್ಲೇ ಉಳಿಯುವ ಟಿವಿಗಳನ್ನು ಕಂಡಿದ್ದೇನೆ. ಸೆಟ್ಟಿಂಗ್ಸಿನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು, ಟಿವಿಗೆ 2.4ರ ಪಾಸ್‌ವರ್ಡನ್ನು ಮರೆಸಿಬಿಡುವುದು ಒರಟು ಮದ್ದು, ಆದರೆ ಕೆಲಸ ಮಾಡುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ನಮ್ಮ ಸಿಗ್ನಲ್ ಪೂರ್ತಿ ಕಡ್ಡಿ ತೋರಿಸುತ್ತದೆ, ಆದರೂ ವಿಡಿಯೊ ಎಳೆಯುತ್ತದೆ.

ಕಡ್ಡಿಗಳು ನಿಮ್ಮ ರೂಟರಿನ ದನಿ ಎಷ್ಟು ಜೋರಾಗಿದೆ ಎಂದಷ್ಟೇ ಹೇಳುತ್ತವೆ, ಕೋಣೆಯಲ್ಲಿ ಇನ್ನೆಷ್ಟು ಜನ ಮಾತಾಡುತ್ತಿದ್ದಾರೆ ಎಂಬುದನ್ನು ಹೇಳುವುದಿಲ್ಲ. ಒಂದು ಚಾನೆಲಿನಲ್ಲಿ ಒಂದು ಹೊತ್ತಿಗೆ ಒಂದೇ ಉಪಕರಣ ಮಾತಾಡಬಹುದು. ಮಿಕ್ಕವು ಸರದಿ ಕಾಯಬೇಕು. ಬೆಂಗಳೂರಿನ ಯಾವುದಾದರೂ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ವೈಫೈ ಪಟ್ಟಿ ತೆರೆದರೆ ಮೂವತ್ತು ನಲವತ್ತು ಹೆಸರು ಕಾಣುವುದು ಸಾಮಾನ್ಯ. ಅಷ್ಟೂ ಮಂದಿ 2.4ರಲ್ಲಿ ಒಂದಕ್ಕೊಂದು ತಾಗದ ಮೂರೇ ಚಾನೆಲುಗಳನ್ನು, ಅಂದರೆ 1, 6 ಮತ್ತು 11ನ್ನು ಹಂಚಿಕೊಳ್ಳಬೇಕು. ಯಾವುದೂ ಬಿಡುವಿಲ್ಲವೆಂದು 3ನ್ನೋ 8ನ್ನೋ ಹಾಕಿಕೊಂಡರೆ ಎರಡು ಕಡೆಯ ಗಲಾಟೆಯೂ ನಿಮ್ಮ ಕಿವಿಗೆ ಬೀಳುತ್ತದೆ.

ವೈಫೈ ಅನಲೈಸರ್ ಬಗೆಯ ಉಚಿತ ಆ್ಯಪಿನಲ್ಲಿ ಕಡಿಮೆ ಜನರಿರುವ ಚಾನೆಲ್ ನೋಡಿ ಅದಕ್ಕೆ ಬದಲಿಸಿ, 2.4ರಲ್ಲಿ ಚಾನೆಲಿನ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ. 40 ಎಂಬುದು ಪೆಟ್ಟಿಗೆಯ ಮೇಲೆ ಚೆಂದವಾಗಿ ಕಾಣುವ ಅಂಕಿ. ಜನನಿಬಿಡ ಜಾಗದಲ್ಲಿ ಅದು ಹಾನಿಯನ್ನೇ ಮಾಡುತ್ತದೆ.

ಮಿಕ್ಸಿ ಹಾಕಿದರೆ ವಿಡಿಯೊ ನಿಲ್ಲುತ್ತದೆ ಎನ್ನುತ್ತಾರೆ ನಮ್ಮವರು. ನಿಜವೇ?

ಮಿಕ್ಸಿಯ ಮೇಲೆ ನನಗೆ ಅಷ್ಟು ಅನುಮಾನವಿಲ್ಲ, ಮೈಕ್ರೋವೇವ್ ಓವನ್ ಮೇಲೆ ಇದೆ. ಅದು ಅನ್ನ ಬಿಸಿಮಾಡುವುದೇ 2.45 ಗಿಗಾಹರ್ಟ್ಸ್ ಸುಮಾರಿನ ತರಂಗದಲ್ಲಿ. ಬಾಗಿಲಿನಿಂದ ಸೋರುವ ಅಲ್ಪಸ್ವಲ್ಪವೇ 2.4ರ ವೈಫೈಗೆ ದೊಡ್ಡ ಗದ್ದಲ. ಯಾರೂ ಊಹಿಸದ ಇನ್ನೊಂದು ಕಳ್ಳ ಇದೆ: ರೂಟರಿಗೋ ಟಿವಿ ಬಾಕ್ಸಿಗೋ ಸಿಕ್ಕಿಸಿದ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್. ಅದರ ವೈರಿನಿಂದ ಹೊಮ್ಮುವ ರೇಡಿಯೊ ಸದ್ದು 2.4ರ ಪಟ್ಟಿಯಲ್ಲೇ ಬೀಳುತ್ತದೆಂದು ಇಂಟೆಲ್ 2012ರಲ್ಲೇ ಬರೆದು ಪ್ರಕಟಿಸಿತ್ತು. ಎರಡಕ್ಕೂ ಮದ್ದು ಒಂದೇ, ಟಿವಿಯನ್ನು 5 ಗಿಗಾಹರ್ಟ್ಸ್‌ಗೆ ಹಾಕುವುದು.

ಹಳೆಯ ಮನೆ, ಜಂಬಿಟ್ಟಿಗೆ ಗೋಡೆ, ಒಳಕೋಣೆಗೆ ಸಿಗ್ನಲ್ಲೇ ಹೋಗುವುದಿಲ್ಲ. ರಿಪೀಟರ್ ತರಲೇ, ಮೆಶ್ ತರಲೇ?

ಒಂದೂವರೆ ಅಡಿ ದಪ್ಪದ ಗೋಡೆಯನ್ನು ಯಾವ ಆಂಟೆನಾವೂ ಮಣಿಸುವುದಿಲ್ಲ. ಅಂಗಡಿಯಲ್ಲಿ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುವ ರಿಪೀಟರ್ ಕೇಳಿದ್ದನ್ನೇ ಮತ್ತೆ ಹೇಳುವ ಯಂತ್ರ. ಅದೇ ಚಾನೆಲಿನಲ್ಲಿ ಕೇಳಿ ಅದೇ ಚಾನೆಲಿನಲ್ಲಿ ಹೇಳಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸಿಗ್ನಲ್ ಸತ್ತ ಕೋಣೆಯಲ್ಲೇ ಅದನ್ನು ಸಿಕ್ಕಿಸಿದರೆ ಕೇಳಿಸಿಕೊಳ್ಳುವುದಕ್ಕೇ ಏನೂ ಇರುವುದಿಲ್ಲ, ಅರ್ಧದಾರಿಯಲ್ಲಿ ಇಡಬೇಕು. ಒಂದೇ ವೈಫೈಯನ್ನು ಹಲವು ಕಡೆಯಿಂದ ಹರಡುವ ಮೆಶ್ ಪೆಟ್ಟಿಗೆಗಳು ಇದಕ್ಕಿಂತ ಜಾಣ, ದುಬಾರಿಯೂ ಹೌದು, ಆದರೆ ತಮ್ಮತಮ್ಮಲ್ಲಿ ಮಾತಾಡಲು ಅವಕ್ಕೂ ಅದೇ ಗೋಡೆ ಅಡ್ಡ ಬರುತ್ತದೆ.

ನನ್ನ ಸಲಹೆ ಹಳೆಯ ಕಾಲದ್ದು: ಒಂದು ಲ್ಯಾನ್ ಕೇಬಲ್ ಎಳೆಯಿರಿ. ಕ್ಯಾಟ್ 5ಇ ಕೇಬಲ್ 100 ಮೀಟರಿನವರೆಗೆ 1 ಗಿಗಾಬಿಟ್ಟನ್ನು ಸಲೀಸಾಗಿ ಒಯ್ಯುತ್ತದೆ, ನಮ್ಮ ಯಾವ ಮನೆಯೂ ಅಷ್ಟು ಉದ್ದವಿಲ್ಲ. ಜಂತಿಯ ಅಂಚಿನಲ್ಲಿ, ಅಟ್ಟದ ಮೇಲೆ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಕ್ಲಿಪ್ ಹೊಡೆದು ತಂದರೆ ಕಣ್ಣಿಗೂ ಕಾಣುವುದಿಲ್ಲ. ಅದರ ಆಚೆ ತುದಿಗೆ ಮೂಲೆಯಲ್ಲಿ ಬಿದ್ದಿರುವ ಹಳೆಯ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡಿನಲ್ಲಿ ಹಾಕಿದರೆ ಒಳಕೋಣೆಗೆ ತನ್ನದೇ ವೈಫೈ ಆಯಿತು. ಕರೆಂಟಿನ ವೈರಿಂಗ್ ಇರುವ ಪೈಪಿನೊಳಗೆ ಮಾತ್ರ ಅದನ್ನು ತೂರಿಸಬೇಡಿ.

## ಟಿವಿಯದ್ದೇ ತಪ್ಪಾದಾಗ

ವಿಡಿಯೊ ನಿಲ್ಲುವುದಿಲ್ಲ, ಚಕ್ರವೂ ಇಲ್ಲ, ಆದರೆ ಚಿತ್ರ ಕುಲುಕಿ ಕುಲುಕಿ ಚಲಿಸುತ್ತದೆ.

ಇದು ನೆಟ್‌ವರ್ಕಿನ ರೋಗವಲ್ಲ. ಜಾಲ ಸೋತರೆ ಚಿತ್ರ ನಿಲ್ಲುತ್ತದೆ ಅಥವಾ ಮಸುಕಾಗುತ್ತದೆ. ಕುಲುಕುವುದಕ್ಕೆ ಕಾರಣ ಟಿವಿಯೊಳಗಿರುತ್ತದೆ. ಸಿನಿಮಾಗಳು ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರ, ಅನೇಕ ಟಿವಿ ಬಾಕ್ಸುಗಳು ಕಳಿಸುವುದು ಸೆಕೆಂಡಿಗೆ 60. 24ನ್ನು 60ಕ್ಕೆ ಹಂಚಲು ಒಂದು ಚಿತ್ರವನ್ನು ಮೂರು ಸಲ, ಮುಂದಿನದನ್ನು ಎರಡು ಸಲ ತೋರಿಸಬೇಕಾಗುತ್ತದೆ; ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವ ದೃಶ್ಯದಲ್ಲಿ ಈ ಕುಂಟು ನಡಿಗೆ ಕಣ್ಣಿಗೆ ಹೊಡೆಯುತ್ತದೆ. ಸೆಟ್ಟಿಂಗ್ಸಿನಲ್ಲಿ ‘ಮ್ಯಾಚ್ ಫ್ರೇಮ್ ರೇಟ್’ ಎಂಬಂಥ ಆಯ್ಕೆಯನ್ನು ಆನ್ ಮಾಡಿ.

ಎಲ್ಲ ದೃಶ್ಯಗಳಲ್ಲೂ ಕುಲುಕಿದರೆ ಟಿವಿಯ ಚಿಪ್ಪಿಗೆ ಆ ವಿಡಿಯೊವನ್ನು ಬಿಡಿಸುವ ಶಕ್ತಿ ಸಾಲುತ್ತಿಲ್ಲ ಎಂದರ್ಥ. ಹೊಸ ಸೇವೆಗಳು ಎಚ್‌ಇವಿಸಿ, ಎವಿ1 ಮುಂತಾದ ಬಿಗಿಯಾಗಿ ಮಡಚಿದ ರೂಪದಲ್ಲಿ ಚಿತ್ರ ಕಳಿಸುತ್ತವೆ. ಹಳೆಯ ಚಿಪ್ಪುಗಳು ಅದನ್ನು ಬಿಡಿಸುವಾಗ ಫ್ರೇಮುಗಳನ್ನು ಬಿಟ್ಟುಬಿಡುತ್ತವೆ. ಹಳೆಯ ಟಿವಿಯನ್ನು ಬಿಸಾಡುವ ಮೊದಲು ಅದಕ್ಕೆ ಒಂದು ಹೊಸ ಸ್ಟಿಕ್ ಸಿಕ್ಕಿಸಿ ನೋಡಿ.

ನಿಲ್ಲುವುದಿಲ್ಲ, ಆದರೆ ಕ್ಲಾರಿಟಿಯೇ ಇಲ್ಲ. ಎಚ್‌ಡಿಗೆ ಹಣ ಕಟ್ಟಿದ್ದೇವೆ.

ವೇಗ ಇಳಿದಾಗ ನಿಲ್ಲಿಸುವ ಬದಲು ಗುಣಮಟ್ಟವನ್ನು ಇಳಿಸುವುದು ಇಂದಿನ ಸೇವೆಗಳ ಪದ್ಧತಿ, ಆದ್ದರಿಂದ ಮಸುಕು ಮತ್ತು ಚಕ್ರ ಒಂದೇ ರೋಗದ ಎರಡು ಮುಖಗಳಿರಬಹುದು. ವೇಗ ಚೆನ್ನಾಗಿದ್ದೂ ಮಸುಕಾಗಿಯೇ ಉಳಿದರೆ ವಿಡಿಯೊ ಕಳವು ತಡೆಯುವ ಬೀಗವಾದ ವೈಡ್‌ವೈನ್‌ನ ಪರವಾನಗಿಯನ್ನು ನೋಡಬೇಕು. ಅಗ್ಗದ ಆಂಡ್ರಾಯ್ಡ್ ಬಾಕ್ಸುಗಳಲ್ಲಿ ಅದರ ಎಲ್1 ಮಟ್ಟ ಇರುವುದಿಲ್ಲ, ಎಲ್3 ಮಾತ್ರ ಇರುತ್ತದೆ. ಅಂಥ ಪೆಟ್ಟಿಗೆಗೆ ಸೇವೆಗಳು ಎಚ್‌ಡಿ ಕೊಡದೆ 480ಪಿಯಂಥ ಕೆಳಮಟ್ಟದ ಚಿತ್ರವನ್ನೇ ಕೊಡುತ್ತವೆ. ಇದಕ್ಕೆ ರೂಟರಿನಲ್ಲಿ ಮದ್ದಿಲ್ಲ.

## ಲೈನ್ ಮತ್ತು ಕಂಪನಿ

ಹಗಲೆಲ್ಲ ಚೆನ್ನಾಗಿರುತ್ತದೆ, ರಾತ್ರಿ 8ರಿಂದ 11ರವರೆಗೆ ಮಾತ್ರ ತೊಂದರೆ.

ಕೇಬಲ್ ಪರೀಕ್ಷೆಯಲ್ಲೂ ಇದೇ ಕಂಡರೆ ಅದು ದಟ್ಟಣೆ. ಊರಿನ ಫೈಬರ್ ಜಾಲಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಜಿಪಾನ್ ವ್ಯವಸ್ಥೆಯಲ್ಲಿ ಒಂದು ಎಳೆ ಕೆಳಮುಖವಾಗಿ ಸುಮಾರು 2.5 ಗಿಗಾಬಿಟ್ ಒಯ್ಯುತ್ತದೆ, ಅದನ್ನು ಕಂಬದ ಮೇಲಿನ ಪೆಟ್ಟಿಗೆಯಲ್ಲಿ 32 ಅಥವಾ 64 ಮನೆಗಳಿಗೆ ಸೀಳುತ್ತಾರೆ. 32 ಮನೆಗಳೂ ಒಟ್ಟಿಗೆ ಪೂರ್ತಿ ಎಳೆದರೆ ತಲೆಗೆ 78 ಎಂಬಿಪಿಎಸ್ ಸುಮಾರು ಬರುತ್ತದೆ, ಅದೂ ವಿಡಿಯೊಗೆ ಧಾರಾಳ. ಆದ್ದರಿಂದ ಸಂಜೆಯ ತೊಂದರೆ ಹೆಚ್ಚಾಗಿ ಅದರ ಮೇಲಿನ ಹಂತದಲ್ಲಿರುತ್ತದೆ: ಸ್ಥಳೀಯ ಆಪರೇಟರು ಮುಂದಿನ ಕಂಪನಿಯಿಂದ ಕೊಂಡ ಒಟ್ಟು ಸಾಮರ್ಥ್ಯ ಗಿರಾಕಿಗಳ ಸಂಖ್ಯೆಗೆ ಸಾಲದಿರುವಲ್ಲಿ. ಇದನ್ನು ನೀವು ಸರಿಪಡಿಸಲಾರಿರಿ, ಲೆಕ್ಕ ಬರೆದಿಟ್ಟು ದೂರು ಕೊಡಬಹುದು ಅಥವಾ ಕಂಪನಿ ಬದಲಿಸಬಹುದು.

ಸಿನಿಮಾ ಸರಿ ಬರುತ್ತದೆ, ಕ್ರಿಕೆಟ್ ಲೈವ್ ಮಾತ್ರ ನಿಲ್ಲುತ್ತದೆ. ಪಕ್ಕದ ಮನೆಯವರು ಕೂಗಿದ ಮೇಲೆ ನಮಗೆ ವಿಕೆಟ್ ಬೀಳುತ್ತದೆ!

ಸಿನಿಮಾದ ಮುಂದಿನ ಭಾಗ ಸರ್ವರಿನಲ್ಲಿ ಸಿದ್ಧವಾಗಿರುವುದರಿಂದ ಟಿವಿ ಅದನ್ನು ನಿಮಿಷಗಟ್ಟಲೆ ಮುಂಚೆ ತಂದಿಟ್ಟುಕೊಳ್ಳಬಹುದು. ಇನ್ನೂ ಎಸೆಯದ ಚೆಂಡನ್ನು ತಂದಿಡಲಾಗುವುದಿಲ್ಲ. ಲೈವ್‌ನಲ್ಲಿ ದಾಸ್ತಾನು ಕೆಲವು ಸೆಕೆಂಡುಗಳದ್ದು ಮಾತ್ರ, ಸಿನಿಮಾ ನುಂಗಿಕೊಳ್ಳುವ ಸಣ್ಣ ತೊಡಕು ಇಲ್ಲಿ ಬಯಲಾಗುತ್ತದೆ. ಸೇವೆಯ ಕಡೆಯ ಒತ್ತಡವೂ ಸಣ್ಣದಲ್ಲ: 2023ರ ವಿಶ್ವಕಪ್ ಫೈನಲ್ ದಿನ ಹಾಟ್‌ಸ್ಟಾರಿನಲ್ಲಿ ಏಕಕಾಲಕ್ಕೆ 5.9 ಕೋಟಿ ವೀಕ್ಷಕರಿದ್ದರು. ಗುಣಮಟ್ಟವನ್ನು ‘ಆಟೊ’ದಿಂದ ತೆಗೆದು 720ಪಿಗೆ ಕಟ್ಟಿಹಾಕಿದರೆ ಪಂದ್ಯ ಸಮಾಧಾನದಿಂದ ಸಾಗುತ್ತದೆ. ಪಕ್ಕದ ಮನೆಯ ಕೂಗಿಗೆ ಮದ್ದಿಲ್ಲ. ಡಿಶ್ ಅಥವಾ ಕೇಬಲ್ ಟಿವಿ ಸ್ಟ್ರೀಮಿಂಗಿಗಿಂತ ಸಾಮಾನ್ಯವಾಗಿ ಮುಂದೆಯೇ ಇರುತ್ತದೆ.

ಮಳೆ ಗಾಳಿ ಬಂದ ಮೇಲೆ ನಿಧಾನವಾಗಿದೆ, ಪೆಟ್ಟಿಗೆಯಲ್ಲಿ ಕೆಂಪು ದೀಪ ಆಗಾಗ ಮಿನುಗುತ್ತದೆ.

ಎಲ್‌ಒಎಸ್ ಎಂದು ಬರೆದ ಕೆಂಪು ದೀಪ ಉರಿದರೆ ಬೆಳಕೇ ತಲುಪುತ್ತಿಲ್ಲ ಎಂದು, ಆಗಾಗ ಮಿನುಗಿದರೆ ತಲುಪುತ್ತಿರುವ ಬೆಳಕು ಅಂಚಿನಲ್ಲಿದೆ ಎಂದು ತಿಳಿಯಬೇಕು. ತೆಂಗಿನ ಗರಿ ಬಿದ್ದು ಜೋತ ಕೇಬಲ್, ಅಳಿಲು ಕಚ್ಚಿದ ಜಾಗ, ಕಿಟಕಿಯ ಚೌಕಟ್ಟಿನಲ್ಲಿ ಬಿಗಿಯಾಗಿ ಮಡಿಸಿದ ತಿರುವು, ಕನೆಕ್ಟರಿನ ತುದಿಯ ಧೂಳು, ಎಲ್ಲವೂ ಬೆಳಕನ್ನು ತಿನ್ನುತ್ತವೆ. ಪೆಟ್ಟಿಗೆಯ ಸೆಟ್ಟಿಂಗ್ಸ್ ಪುಟದಲ್ಲಿ ‘ಆರ್‌ಎಕ್ಸ್ ಪವರ್’ (ತಲುಪಿದ ಬೆಳಕಿನ ಬಲ) ಎಂಬ ಅಂಕಿ ಕಾಣಿಸಿದರೆ ಓದಿ: ಜಿಪಾನ್ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ಮೈನಸ್ 8ರಿಂದ ಮೈನಸ್ 27 ಡಿಬಿಎಂ ನಡುವೆ ಇರಬೇಕು. ಪ್ರತಿ 3 ಅಂಕಿ ಇಳಿದಾಗಲೂ ಬೆಳಕು ಅರ್ಧವಾಗುತ್ತದೆ. ಚೆನ್ನಾಗಿದ್ದ ದಿನದ ಅಂಕಿಯನ್ನು ಪೆಟ್ಟಿಗೆಯ ಮೇಲೆಯೇ ಪೆನ್ಸಿಲಿನಲ್ಲಿ ಬರೆದಿಟ್ಟರೆ ಮಳೆಗಾಲದಲ್ಲಿ ಹೋಲಿಸಬಹುದು. ಫೈಬರ್ ತುದಿಯನ್ನು ಬಿಚ್ಚಿ ಕಣ್ಣಿಗೆ ಹಿಡಿದು ನೋಡುವ ಸಾಹಸ ಯಾರೂ ಮಾಡಬಾರದು. ಆ ಬೆಳಕು ಕಾಣುವುದಿಲ್ಲ, ಆದರೆ ಕಣ್ಣಿಗೆ ಕೇಡು.

ತಿಂಗಳ ಕೊನೆಯಲ್ಲಿ ಮಾತ್ರ ನಿಧಾನವಾಗುತ್ತದೆ. ಅನ್‌ಲಿಮಿಟೆಡ್ ಪ್ಲಾನ್ ಅಲ್ಲವೇ?

ಅನ್‌ಲಿಮಿಟೆಡ್ ಎಂದು ಮಾರುವ ಅನೇಕ ಪ್ಲಾನುಗಳಿಗೆ ಎಫ್‌ಯುಪಿ (ನ್ಯಾಯಯುತ ಬಳಕೆಯ ನೀತಿ) ಎಂಬ ಮಿತಿ ಇರುತ್ತದೆ, ಅದನ್ನು ದಾಟಿದರೆ ವೇಗ ಇಳಿಸುತ್ತಾರೆ, ಹಲವು ಕಡೆ ಅದು ತಿಂಗಳಿಗೆ 3300 ಜಿಬಿ ಸುಮಾರು. 15 ಎಂಬಿಪಿಎಸ್‌ನ 4ಕೆ ವಿಡಿಯೊ ಗಂಟೆಗೆ 6.75 ಜಿಬಿ ತಿನ್ನುವುದರಿಂದ ಆ ಮಿತಿ ಮುಟ್ಟಲು ದಿನಕ್ಕೆ 16 ಗಂಟೆ ನೋಡಬೇಕು, ಒಂದೇ ಟಿವಿಯಿಂದ ಅದು ಆಗದ ಮಾತು. ಆದರೆ ಅಗ್ಗದ ಪ್ಲಾನುಗಳ ಮಿತಿ ಇದಕ್ಕಿಂತ ತೀರ ಕಡಿಮೆ ಇರಬಹುದು, ಮೋಡದಲ್ಲಿ ದೃಶ್ಯ ಉಳಿಸುವ ಸಿಸಿಟಿವಿ ಇದ್ದರೆ ಅದು ಹಗಲಿರುಳೂ ತಿನ್ನುತ್ತದೆ. ಕಂಪನಿಯ ಆ್ಯಪಿನಲ್ಲಿ ಈವರೆಗಿನ ಬಳಕೆಯನ್ನು ನೋಡಿ.

ಕಂಪನಿಯವರಿಗೆ ದೂರು ಕೊಟ್ಟರೆ “ನಮ್ಮ ಕಡೆ ಎಲ್ಲ ಸರಿ ಇದೆ” ಎನ್ನುತ್ತಾರೆ. ಏನು ಮಾಡಲಿ?

“ನೆಟ್ ಸ್ಲೋ ಇದೆ” ಎಂಬ ದೂರಿಗೆ ಆ ಉತ್ತರ ಸಹಜ. ಕೇಬಲ್ ಜೋಡಿಸಿ, ಮೂರು ದಿನ, ಬೆಳಿಗ್ಗೆ ಒಮ್ಮೆ ರಾತ್ರಿ ಒಮ್ಮೆ ಅಳೆದ ವೇಗದ ಚಿತ್ರಗಳನ್ನು ದಿನಾಂಕ, ಹೊತ್ತಿನೊಂದಿಗೆ ಕಳಿಸಿ, ದೂರಿನ ಡಾಕೆಟ್ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಅದಕ್ಕೂ ಬಗೆಹರಿಯದಿದ್ದರೆ ಪ್ರತಿ ಕಂಪನಿಯಲ್ಲೂ ಇರಬೇಕಾದ ಮೇಲ್ಮನವಿ ಪ್ರಾಧಿಕಾರಕ್ಕೆ ಅದೇ ಸಂಖ್ಯೆಯೊಂದಿಗೆ ಬರೆಯಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಟ್ರಾಯ್ ನಿಯಮ ರೂಪಿಸುವ ಸಂಸ್ಥೆ, ಬಿಡಿ ಗಿರಾಕಿಗಳ ದೂರನ್ನು ಅದು ವಿಚಾರಿಸುವುದಿಲ್ಲ.

## ಕೊಂಚ ಆಳದ ಪ್ರಶ್ನೆಗಳು

ತೊಂದರೆ ಮನೆಯೊಳಗೋ ಹೊರಗೋ ಎಂದು ಅಂಕಿಗಳಲ್ಲಿ ತೋರಿಸುವ ದಾರಿ ಇದೆಯೇ?

ಇದೆ, ಪಿಂಗ್: ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಹಿಡಿಯುವ ಹೊತ್ತನ್ನು ಅಳೆಯುವ ಕಮಾಂಡ್. ಲ್ಯಾಪ್‌ಟಾಪಿನಲ್ಲಿ ಎರಡು ಕಮಾಂಡ್ ಕಿಟಕಿಗಳನ್ನು ಪಕ್ಕಪಕ್ಕದಲ್ಲಿ ತೆರೆದು, ಒಂದರಲ್ಲಿ ರೂಟರಿನ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1), ಇನ್ನೊಂದರಲ್ಲಿ 8.8.8.8 ಎಂಬ ಗೂಗಲ್ ವಿಳಾಸಕ್ಕೆ ನಿಲ್ಲದಂತೆ ಪಿಂಗ್ ಓಡಿಸಿ, ಟಿವಿಯಲ್ಲಿ ವಿಡಿಯೊ ಹಚ್ಚಿ ಕಾಯಿರಿ. ವೈಫೈ ಆರೋಗ್ಯವಾಗಿದ್ದರೆ ರೂಟರಿನ ಸಾಲುಗಳು 2, 3, 2, 4 ಮಿಲಿಸೆಕೆಂಡ್ ಎಂದು ಸಾಗುತ್ತವೆ. ಚಿತ್ರ ನಿಂತ ಗಳಿಗೆಯಲ್ಲಿ ಕಣ್ಣು ಹಾಯಿಸಿ: ಎರಡೂ ಕಿಟಕಿಗಳಲ್ಲಿ ಅಂಕಿ ಒಟ್ಟಿಗೆ 300, 500 ಎಂದು ನೆಗೆದರೆ ತಪ್ಪು ವೈಫೈಯದು, ರೂಟರಿನದು 3ರಲ್ಲೇ ಇದ್ದು ಹೊರಗಿನದು ಮಾತ್ರ ನೆಗೆದರೆ ಲೈನಿನದು, ಎರಡೂ ಶಾಂತವಾಗಿದ್ದರೆ ಟಿವಿ ಇರುವ ಜಾಗದ ವೈಫೈಯನ್ನು, ಟಿವಿಯನ್ನು ಅಥವಾ ಸೇವೆಯನ್ನು ವಿಚಾರಿಸಿ. ಆದ್ದರಿಂದ ಲ್ಯಾಪ್‌ಟಾಪ್ ಟಿವಿಯ ಪಕ್ಕದಲ್ಲೇ ಇರಲಿ.

ಮಗ ಫೋಟೊ ಬ್ಯಾಕಪ್ ಹಾಕಿದಾಗಲೆಲ್ಲ ಟಿವಿ ನಿಲ್ಲುತ್ತದೆ. ಅಪ್‌ಲೋಡಿಗೂ ನೋಡುವುದಕ್ಕೂ ಏನು ಸಂಬಂಧ?

ಟಿವಿ ಪ್ರತಿ ತುಣುಕನ್ನು ಕೇಳಿ ತರಿಸಿಕೊಳ್ಳುತ್ತದೆ, ಬಂದದ್ದಕ್ಕೆ ಸ್ವೀಕೃತಿಯನ್ನೂ ಕಳಿಸುತ್ತದೆ. ಎರಡೂ ಹೋಗುವುದು ಅಪ್‌ಲೋಡ್ ದಾರಿಯಲ್ಲೇ. ಆ ದಾರಿಯಲ್ಲಿ ಸಾವಿರ ಫೋಟೊಗಳು ಸಾಲುನಿಂತಿದ್ದರೆ ಟಿವಿಯ ಚೀಟಿ ಸಾಲಿನ ಬಾಲದಲ್ಲಿ ಕಾಯುತ್ತದೆ. ರೂಟರುಗಳಲ್ಲಿ ಈ ಸಾಲು ಮಿತಿಮೀರಿ ಉದ್ದವಾಗಿರುವ ದೋಷಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ. ಸಾಲನ್ನು ಚಿಕ್ಕದಾಗಿಟ್ಟು ಎಲ್ಲರಿಗೂ ನ್ಯಾಯವಾಗಿ ಸರದಿ ಕೊಡುವ ಎಫ್‌ಕ್ಯೂ-ಕೋಡೆಲ್ ಎಂಬ ವಿಧಾನ 2018ರಲ್ಲಿ ಇಂಟರ್‌ನೆಟ್ ತಾಂತ್ರಿಕ ದಾಖಲೆಗಳ ಸರಣಿಯಲ್ಲಿ ಆರ್‌ಎಫ್‌ಸಿ 8290 ಆಗಿ ಪ್ರಕಟವಾಗಿದೆ. ಓಪನ್‌ವರ್ಟ್ ಎಂಬ ಉಚಿತ ತಂತ್ರಾಂಶ ಹಾಕಿದ ರೂಟರುಗಳಲ್ಲಿ ಎಸ್‌ಕ್ಯೂಎಂ ಹೆಸರಿನಲ್ಲಿ ಅದನ್ನು ಹಾಕಿಕೊಳ್ಳಬಹುದು. ಲೈನಿನ ನಿಜವಾದ ವೇಗದ ಶೇ. 85ರಿಂದ 90ರಷ್ಟನ್ನು ಮಿತಿಯಾಗಿ ಕೊಡಬೇಕು, ಆಗ ಮಾತ್ರ ಸಾಲು ನಿಮ್ಮ ರೂಟರಿನ ಹಿಡಿತದಲ್ಲಿರುತ್ತದೆ. ಇಷ್ಟು ತಂಟೆ ಬೇಡವೆನಿಸಿದರೆ ಬ್ಯಾಕಪ್ಪನ್ನು ರಾತ್ರಿ 1 ಗಂಟೆಗೆ ಹಾಕಲು ಮಗನಿಗೆ ಹೇಳಿ.

ಡಿಎನ್‌ಎಸ್ ಬದಲಿಸಿದರೆ ವಿಡಿಯೊ ವೇಗವಾಗುತ್ತದೆಯೇ?

ಡಿಎನ್‌ಎಸ್ ಎಂದರೆ ಜಾಲತಾಣದ ಹೆಸರಿಗೆ ಅದರ ಅಂಕಿಯ ವಿಳಾಸ ಹುಡುಕಿಕೊಡುವ ವ್ಯವಸ್ಥೆ. ಅದನ್ನು ಬದಲಿಸಿದರೆ ವಿಡಿಯೊ ಶುರುವಾಗುವುದು ಕ್ಷಣಾರ್ಧ ಬೇಗವಾಗಬಹುದು, ನಡುವೆ ನಿಲ್ಲುವುದು ತಪ್ಪುವುದಿಲ್ಲ. ಕೆಲವೊಮ್ಮೆ ಕೆಡುವುದೂ ಉಂಟು: ಡಿಎನ್‌ಎಸ್ ಉತ್ತರವನ್ನು ನೋಡಿ ಹತ್ತಿರದ ಸರ್ವರನ್ನು ಗೊತ್ತುಮಾಡುವ ಸೇವೆಗಳು ನಿಮ್ಮ ಕಂಪನಿಯೊಳಗೇ ಇರುವ ಸರ್ವರನ್ನು ಬಿಟ್ಟು ದೂರದ್ದಕ್ಕೆ ಕಳಿಸಬಹುದು. ಬದಲಿಸಿ ಕೆಟ್ಟರೆ ಮೊದಲಿದ್ದದ್ದಕ್ಕೆ ಮರಳಿ.

ಮನೆಯ ಕಂಪ್ಯೂಟರಿನಲ್ಲಿರುವ 4ಕೆ ಫೈಲನ್ನು ಜೆಲ್ಲಿಫಿನ್ ಎಂಬ ಸರ್ವರ್ ತಂತ್ರಾಂಶದಿಂದ ಟಿವಿಗೆ ಹಾಕಿದರೆ ತಡೆಯುತ್ತದೆ. ಇಂಟರ್‌ನೆಟ್ಟೇ ಬೇಕಿಲ್ಲವಲ್ಲ?

ಬೇಕಿಲ್ಲ, ಆದರೆ ಮನೆಯ ಜಾಲದ ಮೇಲೆ ಹೊರೆ ಇನ್ನೂ ಹೆಚ್ಚು. ಆನ್‌ಲೈನ್ 4ಕೆ 15 ಎಂಬಿಪಿಎಸ್‌ನಲ್ಲಿ ಮುಗಿಯುತ್ತದೆ. ಬ್ಲೂ-ರೇ ಗುಣಮಟ್ಟದ 4ಕೆ ಡಿಸ್ಕಿನ ಗರಿಷ್ಠ ದರ 128 ಎಂಬಿಪಿಎಸ್. ಅನೇಕ ದುಬಾರಿ ಟಿವಿಗಳ ಲ್ಯಾನ್ ಕಿಂಡಿಯೂ 100 ಎಂಬಿಪಿಎಸ್‌ನದ್ದೇ, ಆದ್ದರಿಂದ ಈ ಒಂದು ಕೆಲಸಕ್ಕೆ ಮಾತ್ರ ಟಿವಿಯಲ್ಲಿ ಕೇಬಲಿಗಿಂತ 5 ಗಿಗಾಹರ್ಟ್ಸ್ ವೈಫೈ ಗೆಲ್ಲುವುದುಂಟು. ಕಂಪ್ಯೂಟರೂ ವೈಫೈಯಲ್ಲೇ ಇದ್ದರೆ ಪ್ರತಿ ತುಣುಕು ಗಾಳಿಯಲ್ಲಿ ಎರಡು ಸಲ ಪ್ರಯಾಣ ಮಾಡುತ್ತದೆ. ಕಂಪ್ಯೂಟರನ್ನಾದರೂ ಕೇಬಲಿಗೆ ಹಾಕಿ. ಸರ್ವರಿನ ಡ್ಯಾಶ್‌ಬೋರ್ಡಿನಲ್ಲಿ ‘ಟ್ರಾನ್ಸ್‌ಕೋಡಿಂಗ್’ (ವಿಡಿಯೊವನ್ನು ಬೇರೆ ರೂಪಕ್ಕೆ ಬದಲಿಸುವುದು) ಎಂದು ತೋರಿಸುತ್ತಿದ್ದರೆ ಜಾಲವನ್ನು ಬಿಟ್ಟು ಪ್ರೊಸೆಸರನ್ನು ನೋಡಿ. ಚಿತ್ರರೂಪದ ಸಬ್‌ಟೈಟಲ್ ಆನ್ ಮಾಡಿದ ಮಾತ್ರಕ್ಕೆ ಇಡೀ ಸಿನಿಮಾವನ್ನು ಹೊಸದಾಗಿ ಕಟ್ಟಬೇಕಾಗಿ ಬಂದು ಅದು ಏದುಸಿರು ಬಿಡುವುದು ಸಾಮಾನ್ಯ. ಅಕ್ಷರರೂಪದ ಸಬ್‌ಟೈಟಲ್ ಫೈಲನ್ನು ಹಾಕಿ.

ದಿನಕ್ಕೊಮ್ಮೆ 5 ಗಿಗಾಹರ್ಟ್ಸ್ ಹೆಸರೇ ಒಂದು ನಿಮಿಷ ಮಾಯವಾಗಿ ಮತ್ತೆ ಬರುತ್ತದೆ.

ನಿಮ್ಮ ರೂಟರ್ 52ರಿಂದ 144ರ ನಡುವಿನ ಚಾನೆಲಿನಲ್ಲಿ ಕೂತಿರಬೇಕು. ಆ ಪಟ್ಟಿಯನ್ನು ಹವಾಮಾನದ ಮತ್ತಿತರ ರೇಡಾರುಗಳೂ ಬಳಸುತ್ತವೆ. ರೇಡಾರಿನಂಥ ಸದ್ದು ಕೇಳಿದೊಡನೆ ರೂಟರ್ ಜಾಗ ಬಿಟ್ಟು ಹೊಸ ಚಾನೆಲಿಗೆ ಹೋಗುತ್ತದೆ, ಅದೂ ರೇಡಾರ್ ಪಟ್ಟಿಯಲ್ಲೇ ಇದ್ದರೆ 60 ಸೆಕೆಂಡು ಸುಮ್ಮನೆ ಕಿವಿಗೊಟ್ಟು ಆಮೇಲೆ ಮಾತಾಡುತ್ತದೆ. ಚಾನೆಲನ್ನು ‘ಆಟೊ’ದಿಂದ ತೆಗೆದು 36ಕ್ಕೋ 149ಕ್ಕೋ ನಿಲ್ಲಿಸಿ.

ಗಿಗಾಬಿಟ್ ರೂಟರ್, ಗಿಗಾಬಿಟ್ ಲ್ಯಾಪ್‌ಟಾಪ್, ಆದರೂ ಕೇಬಲಿನಲ್ಲಿ 94ಕ್ಕಿಂತ ಮೇಲೆ ಹೋಗುವುದಿಲ್ಲ.

94 ಎಂಬ ಅಂಕಿಯೇ ಸುಳಿವು. 100ರ ಕೊಂಡಿಯಲ್ಲಿ ಪ್ರತಿ ತುಣುಕಿನ ಜೊತೆ ಹೋಗುವ ವಿಳಾಸದಂಥ ತಲೆಬರಹಗಳ ಭಾರ ಕಳೆದು ಉಳಿಯುವುದು ಅಷ್ಟು. ಲ್ಯಾನ್ ಕೇಬಲಿನ 8 ತಂತಿಗಳಲ್ಲಿ 100 ಎಂಬಿಪಿಎಸ್‌ಗೆ 4 ಸಾಕು, ಗಿಗಾಬಿಟ್ಟಿಗೆ ಎಂಟೂ ಬೇಕು. ಒಂದೇ ಒಂದು ತಂತಿ ಕ್ಲಿಪ್ಪಿನಲ್ಲಿ ಸರಿಯಾಗಿ ಕೂರದಿದ್ದರೂ ಎರಡು ಕಡೆಯವೂ ಸದ್ದಿಲ್ಲದೆ 100ಕ್ಕೆ ಒಪ್ಪಂದ ಮಾಡಿಕೊಳ್ಳುತ್ತವೆ. ನನ್ನದೇ ಮನೆಯಲ್ಲಿ ಎರಡು ವರ್ಷ ಹೀಗಿತ್ತು. ಕೊನೆಗೆ ಭೂತಗನ್ನಡಿ ಹಿಡಿದು ನೋಡಿದಾಗ ಕಂದು ಬಣ್ಣದ ತಂತಿ ಹಿತ್ತಾಳೆಯ ಹಲ್ಲಿಗೆ ಒಂದು ಕೂದಲೆಳೆಯಷ್ಟು ದೂರದಲ್ಲಿ ನಿಂತಿತ್ತು. ತುದಿ ಕತ್ತರಿಸಿ ಹೊಸ ಕ್ಲಿಪ್ ಒತ್ತಿದ ಮೇಲೆ 940 ಬಂತು.